ಒಪ್ಪಿಸಿಕೊಟ್ಟ ಮೇಲೆ

ನಮ್ಮ ಸಭೆಯಲ್ಲಿ 'ಒಪ್ಪಿಸಿಕೊಡ್ರಿ' ಅನ್ನುವ ಮಾತು ಕೇಳದ ಐತವಾರವೇ ಇಲ್ಲ. ಮಗನ ಪಿಯುಸಿ ರಿಸಲ್ಟ್ ಬರುವುದಿದೆಯೇ, ದೇವರಿಗೆ ಒಪ್ಪಿಸಿಕೊಡ್ರಿ. ದವಾಖಾನೆಯಲ್ಲಿ ಅತ್ತೆಯ ಆಪರೇಷನ್ ಇದೆಯೇ, ಒಪ್ಪಿಸಿಕೊಡ್ರಿ. ಮುಂಬೈಗೆ ದುಡಿಯಲು ಹೋದ ಗಂಡನ ಫೋನ್ ಬಂದಿಲ್ಲವೇ, ಅದನ್ನೂ ಒಪ್ಪಿಸಿಕೊಡ್ರಿ. ಸಾಕ್ಷಿ ಹೇಳಲು ಎದ್ದ ಹೆಣ್ಣುಮಗಳು ಸೆರಗು ತಲೆಯ ಮೇಲೆಳೆದುಕೊಂಡು, "ಎಲ್ಲಾ ಕರ್ತನ ಪಾದಕ್ಕ ಹಾಕೀನ್ರಿ" ಎಂದು ಹೇಳಿ ಕೂತರೆ, ಅವಳ ಹೆಗಲಿನ ಬಿಗಿ ಸಡಿಲಾದದ್ದು ಹಿಂದಿನ ಬೆಂಚಿನಿಂದಲೂ ಕಾಣುತ್ತದೆ.

ಈ ಮಾತಿನಲ್ಲಿ ನನಗೆ ಪೂರ್ತಿ ನಂಬಿಕೆ ಇದೆ. ನನ್ನ ಜೀವ ನನ್ನದಲ್ಲ, ಅದಕ್ಕೊಬ್ಬ ಒಡೆಯನಿದ್ದಾನೆ ಎಂಬುದನ್ನು ತೆಗೆದುಬಿಟ್ಟರೆ ಕ್ರೈಸ್ತ ವಿಶ್ವಾಸದಲ್ಲಿ ಉಳಿಯುವುದು ಹಾಡು ಮತ್ತು ಹಬ್ಬ ಅಷ್ಟೇ. ಆದರೆ ಒಪ್ಪಿಸಿಕೊಟ್ಟ ಮೇಲೆ ಏನು? ಮೊಣಕಾಲೂರಿದವರು ಎದ್ದು ಮನೆಗೆ ಹೋದ ಮೇಲೆ ಏನು ಮಾಡಬೇಕು? ಇದರ ಬಗ್ಗೆ ಪ್ರಸಂಗಗಳಲ್ಲಿ ಮಾತು ಕಡಿಮೆ. ಅಲ್ಲಿ ಉಳಿದ ಜಾಗದಲ್ಲಿ ಬೇರೆಯವರು ಬಂದು ತಮ್ಮ ಅರ್ಥ ತುಂಬುತ್ತಾರೆ. ಹೆಂಡತಿಯನ್ನು ಹೊಡೆಯುವ ಗಂಡನ ಕಡೆಯವರು ಬಂದು "ದೇವರ ಚಿತ್ತ, ಸಹಿಸ್ಕೋಬೇಕವ್ವಾ" ಅನ್ನುತ್ತಾರೆ. ಕೂಲಿ ಹಿಡಿದಿಟ್ಟುಕೊಂಡವನೂ ಇದನ್ನೇ ಅನ್ನುತ್ತಾನೆ. ತಮಗಿಂತ ಮೇಲಿನವರಿಗೆ 'ನೀವು ಒಪ್ಪಿಸಿಕೊಡ್ರಿ' ಎಂದು ಯಾರಾದರೂ ಬುದ್ಧಿ ಹೇಳಿದ್ದನ್ನು ನಾನು ಕಂಡಿಲ್ಲ. ಆ ಮಾತು ಯಾವಾಗಲೂ ಕೆಳಗೆ ಕೂತವರ ಕಡೆಗೇ ಇಳಿಯುತ್ತದೆ.

ಕಲಬುರಗಿ ಅಂದ ಕೂಡಲೇ ಹೊರಗಿನವರಿಗೆ ಶರಣಬಸವೇಶ್ವರರ ತೇರು, ಬಂದೇನವಾಜರ ಉರುಸು ನೆನಪಾಗುತ್ತವೆ. ಅದು ಸರಿಯೇ. ಕ್ರೈಸ್ತರದು ಇಲ್ಲಿ ಸಣ್ಣ ಗುಂಪು. ಅಮೆರಿಕದ ಮೆಥಡಿಸ್ಟ್ ಮಿಷನರಿಗಳು 19ನೇ ಶತಮಾನದ ಕೊನೆಯ ದಶಕಗಳಲ್ಲಿ ನಿಜಾಮರ ಸೀಮೆಗೆ ಬಂದು ಶಾಲೆ, ದವಾಖಾನೆ, ಪ್ರಾರ್ಥನಾಲಯ ಕಟ್ಟಿದರು. ಕಥೋಲಿಕರಿಗೆ 2005ರಲ್ಲಿ ಗುಲ್ಬರ್ಗ ಧರ್ಮಪ್ರಾಂತ್ಯವೇ ಆಯಿತು. ನಮ್ಮದು ಮೆಥಡಿಸ್ಟ್ ಮನೆ. ಹೊಸ ವರ್ಷದ ಮೊದಲ ಐತವಾರ ಒಡಂಬಡಿಕೆಯ ಆರಾಧನೆ ನಡೆಸುವುದು ಮೆಥಡಿಸ್ಟರಲ್ಲಿ ಹಳೆಯ ರೂಢಿ. ಜಾನ್ ವೆಸ್ಲಿ 1755ರ ಆಗಸ್ಟ್ 11ರಂದು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನ ಫ್ರೆಂಚ್ ಚರ್ಚಿನಲ್ಲಿ ಇದನ್ನು ಮೊದಲು ನಡೆಸಿದರು. ಅವತ್ತು ಸುಮಾರು 1,800 ಜನ ಎದ್ದು ನಿಂತು ಒಪ್ಪಿಗೆ ಕೊಟ್ಟರೆಂದು ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ರಿಚರ್ಡ್ ಅಲೀನ್ ಎಂಬ ಪ್ಯೂರಿಟನ್ ಬೋಧಕರ ಬರಹದಿಂದ ಆ ಪ್ರಾರ್ಥನೆಯ ತಿರುಳನ್ನು ಎತ್ತಿಕೊಂಡಿದ್ದರು. ನನ್ನನ್ನು ದುಡಿಸಿಕೊಂಡರೂ ಸರಿ, ಪಕ್ಕಕ್ಕಿಟ್ಟರೂ ಸರಿ, ಕೊಟ್ಟರೂ ಕಸಿದರೂ ನಿನ್ನವಳೇ ಎಂಬ ಅರ್ಥದ ಪ್ರಾರ್ಥನೆ ಅದು. ಅದನ್ನು ಬಾಯಿ ತುಂಬ ಹೇಳುವುದು ಸುಲಭ, ಅರ್ಥ ಮಾಡಿಕೊಂಡು ಹೇಳುವಾಗ ಗಂಟಲು ಕಟ್ಟುತ್ತದೆ. ಗಮನಿಸಬೇಕಾದದ್ದು ಇಷ್ಟು: ಆ ಪ್ರಾರ್ಥನೆಯಲ್ಲಿ ಮಾತು ನಡೆಯುವುದು ಇಬ್ಬರ ನಡುವೆ ಮಾತ್ರ. ಮೂರನೆಯವರಿಗೆ ಅಲ್ಲಿ ಜಾಗವಿಲ್ಲ.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ, ಕಮಲಾಪುರದ ನಮ್ಮ ದೊಡ್ಡವ್ವನಿಂದ ತಿಳಿದದ್ದು.

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು, ಮಹಾಗಾಂವ ಕ್ರಾಸ್ ದಾಟಿ ಹೋದರೆ ಕಮಲಾಪುರ. ಈಗ ಅದು ತಾಲ್ಲೂಕು ಕೇಂದ್ರ. ಅಲ್ಲಿಯವರೆಗೆ ಕಣ್ಣು ಹಾಯಿಸಿದಷ್ಟೂ ತೊಗರಿಯ ಬಯಲು ಕಂಡವರಿಗೆ ಅಲ್ಲಿನ ಗುಡ್ಡದ ಇಳಿಜಾರಿನ ಹಸಿರು ಬೆರಗು ಹುಟ್ಟಿಸುತ್ತದೆ. ರಾಜನಾಳ, ನವನಿಹಾಳ ತಾಂಡಾದ ಸುತ್ತಿನ ಆ ಕಣಿವೆಯಲ್ಲೇ ಕಮಲಾಪುರದ ಕೆಂಪು ಬಾಳೆ ಬೆಳೆಯುವುದು. ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಬೇರೆ ಬಾಳೆ ಒಂದು ವರ್ಷಕ್ಕೆ ಕೈಗೆ ಬಂದರೆ ಇದಕ್ಕೆ ಹದಿನೆಂಟು ತಿಂಗಳು ಬೇಕು. ಕಾಂಡಕ್ಕೂ ಎಲೆಯ ನಡುದಿಂಡಿಗೂ ಕೆಂಪು ಬಣ್ಣ ಹತ್ತಿರುತ್ತದೆ. ಗೊನೆ ಭಾರವಾಗುತ್ತಾ ಬಂದಂತೆ ಗಿಡ ವಾಲುತ್ತದೆ, ಗಳ ಕೊಟ್ಟು ನಿಲ್ಲಿಸಬೇಕು. ಇಷ್ಟು ದಿನ ಕಾಯಬೇಕಾದ್ದರಿಂದ ಬೆಲೆಯೂ ಹೆಚ್ಚು, ಅದಕ್ಕೇ ಇದನ್ನು ಸಾವ್ಕಾರರ ಹಣ್ಣು ಅನ್ನುವುದು. ಬೆಳೆಯುವವರೆಲ್ಲ ಸಾವ್ಕಾರರಲ್ಲ.

ದೊಡ್ಡವ್ವ, ದೊಡ್ಡಪ್ಪ ಲಾವಣಿಗೆ ಹಿಡಿದ ತುಂಡು ತೋಟದಲ್ಲಿ ಆ ಗಿಡಗಳನ್ನು ಹಾಕಿದ್ದರು. ಗೊನೆ ಬಲಿತು, ಇನ್ನೇನು ಕಡಿಯಬೇಕು ಅನ್ನುವಾಗ ಬೇಸಿಗೆಯ ಮಳೆಗಾಳಿ ಒಂದು ಸಂಜೆ ಬೀಸಿತು. ಮರುದಿನ ನಾನು ಹೋದಾಗ ಗಿಡಗಳು ಸೊಂಟದ ಹತ್ತಿರ ಮುರಿದು, ಒಂದರ ಮೇಲೊಂದು ಬಿದ್ದಿದ್ದವು. ಅರೆಗೆಂಪಿನ ಕಾಯಿಗಳು ಕೆಸರಿಗೆ ಒತ್ತಿಕೊಂಡಿದ್ದವು. ಮುರಿದ ಕಾಂಡದಿಂದ ಸೋರಿದ ನೀರು ದೊಡ್ಡವ್ವನ ಕೈಗೆ ಕಂದು ಕಲೆ ಹಿಡಿಸಿತ್ತು, ಅವಳು ಅದನ್ನು ಸೆರಗಿನಿಂದ ಒರೆಸಿಕೊಳ್ಳುತ್ತಲೇ ಇದ್ದಳು. ಸಮಾಧಾನ ಹೇಳಲು ಬಂದ ವಿಶ್ವಾಸಿಗಳಲ್ಲಿ ಒಬ್ಬರು ಎಂದಿನಂತೆ ದೇವರ ಚಿತ್ತದ ಮಾತೆತ್ತಿದರು. ದೊಡ್ಡವ್ವ ಅವರಿಗೆ ಎದುರಾಡಲಿಲ್ಲ. ಅವರು ಹೋದ ಮೇಲೆ ನನ್ನ ಕಡೆ ತಿರುಗಿ ಹೇಳಿದಳು:

"ನೋಡವ್ವಾ, ಈ ಗೊನಿ ನನಗ ಬೇಕಾಗಿದ್ವು ಅಂತ ರಾತ್ರೀನೇ ಆತಗ ಹೇಳೀನಿ. ಬೇಕಾಗಿದ್ದಿಲ್ಲ ಅಂತ ಸುಳ್ಳು ಯಾಕ ಹೇಳ್ಲಿ? ಆಮ್ಯಾಲ ನಿನ್ನ ಮರ್ಜಿ ಅಂತನೂ ಹೇಳೀನಿ. ಎರಡೂ ಖರೇನೇ ಅವ."

ಹೀಗೆಂದವಳು ಪಹಣಿ ಹುಡುಕಿಕೊಂಡು, ತೋಟದ ಧಣಿಯ ಮನೆಗೆ ಹೋಗಿ ಕಾಗದಕ್ಕೆ ಸಹಿ ಹಾಕಿಸಿ, ಬೆಳೆ ಪರಿಹಾರದ ಅರ್ಜಿ ಕೊಟ್ಟು ಬಂದಳು. ಪ್ರಾರ್ಥನೆಗೂ ಅರ್ಜಿಗೂ ನಡುವೆ ಅವಳಿಗೆ ಯಾವ ಜಗಳವೂ ಕಾಣಲಿಲ್ಲ.

ಗೆತ್ಸೆಮನೆ ತೋಟದ ರಾತ್ರಿಯ ಬಗ್ಗೆ ನಾನು ಎಷ್ಟೋ ಪ್ರಸಂಗ ಕೇಳಿದ್ದೇನೆ. ಎಲ್ಲರೂ ಯೇಸುಸ್ವಾಮಿಯ ಪ್ರಾರ್ಥನೆಯ ಎರಡನೆಯ ಅರ್ಧವನ್ನು, ತಂದೆಯ ಚಿತ್ತವೇ ನಡೆಯಲಿ ಎಂದದ್ದನ್ನು ಎತ್ತಿ ಹಿಡಿಯುತ್ತಾರೆ. ಮೊದಲ ಅರ್ಧವನ್ನು ಬೇಗ ದಾಟಿಬಿಡುತ್ತಾರೆ. ಆ ಪಾತ್ರೆ ತನ್ನಿಂದ ತೊಲಗಲಿ ಎಂದು ಆತ ಕೇಳಿಕೊಂಡ, ಬಾಯಿ ಬಿಟ್ಟು ಕೇಳಿಕೊಂಡ, ಒಂದೇ ಸಲವಲ್ಲ. ಬೆವರು ರಕ್ತದ ಹನಿಗಳ ಹಾಗೆ ಬೀಳುತ್ತಿತ್ತು ಎಂದು ಲೂಕನು ಬರೆಯುತ್ತಾನೆ. ಬೇಕು ಅನ್ನುವುದೇ ಇಲ್ಲದವನು ಒಪ್ಪಿಸಿಕೊಡುವುದಾದರೂ ಏನನ್ನು? ದೊಡ್ಡವ್ವ ಬೈಬಲನ್ನು ಬೆರಳಿಟ್ಟು ಕೂಡಿಸಿ ಓದುವವಳು. ಆದರೂ ಆ ಎರಡು ಅರ್ಧಗಳನ್ನು ಅವಳು ಒಟ್ಟಿಗೇ ಓದಿಕೊಂಡಿದ್ದಳು.

ಅದಾಗಿ ಕೆಲವು ವರ್ಷಗಳ ಮೇಲೆ ಅವಳ ಮಗಳು, ನಮ್ಮಕ್ಕ, ಗಂಡನ ಮನೆಯಿಂದ ಪೆಟ್ಟು ತಿಂದು ತವರಿಗೆ ಬಂದಳು. ಹಿರಿಯರು ರಾಜಿಗೆ ಬಂದು ಕಟ್ಟೆಯ ಮೇಲೆ ಕೂತರು. ಚಹಾ ಆಯಿತು, ಪ್ರಾರ್ಥನೆಯೂ ಆಯಿತು. ಹೆಣ್ಣುಮಗಳು ತನ್ನನ್ನು ದೇವರ ಕೈಗೆ ಒಪ್ಪಿಸಿಕೊಟ್ಟು ಗಂಡನ ಮನೆಗೆ ಹೊರಡಲಿ ಎಂದರು. ಬಾಗಿಲಲ್ಲಿ ನಿಂತಿದ್ದ ದೊಡ್ಡವ್ವ ಅಲ್ಲಿಂದಲೇ ಹೇಳಿದಳು: "ನನ್ನ ಮಗಳನ್ನ ದೇವರ ಕೈಯಾಗ ಇಟ್ಟೀನ್ರಿ. ಅದಕ್ಕೇ ಇನ್ನ ಅವನ ಕೈಯಾಗ ಇಡಂಗಿಲ್ಲ."

ಕಟ್ಟೆಯ ಮೇಲಿದ್ದವರು ಎದ್ದು ಚಪ್ಪಲಿ ಹುಡುಕಿಕೊಂಡರು.

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಇಂಥದೇ ಮಾತನ್ನು ಒಬ್ಬ ತಂದೆ ತನ್ನ ಮಗಳಿಗೆ ಹೇಳಿದ್ದು ಬಹಳ ದಿನಗಳ ಮೇಲೆ ಪಂಡಿತಾ ರಮಾಬಾಯಿಯವರ ಜೀವನ ಓದುವಾಗ ಕಂಡಿತು. ರಮಾಬಾಯಿ ಎಂದರೆ ಪುಣೆ, ಮರಾಠಿ ಎಂದೇ ನಾವು ತಿಳಿದಿರುತ್ತೇವೆ. ಅವರು ಹುಟ್ಟಿದ್ದು ನಮ್ಮ ನಾಡಿನ ಘಟ್ಟದಲ್ಲಿ, ಗಂಗಾಮೂಲದ ಕಾಡಿನಲ್ಲಿ, 1858ರ ಏಪ್ರಿಲ್ 23ರಂದು. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಜನರ ವಿರೋಧ ಕಟ್ಟಿಕೊಂಡು ಆ ಕಾಡು ಸೇರಿದ್ದವರು. ತಾಯಿ ಲಕ್ಷ್ಮೀಬಾಯಿಯೇ ಮಗಳ ಗುರು. ಆಮೇಲೆ ಆ ಕುಟುಂಬ ಪುರಾಣ ಹೇಳುತ್ತಾ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯಿತು. 1870ರ ದಶಕದ ಬರ ಅವರನ್ನು ಹಿಡಿಯಿತು. ತಿನ್ನಲು ಏನೂ ಉಳಿಯದೆ, ಕಣ್ಣು ಕಾಣದ ಮುದಿ ತಂದೆ ಕಿರಿಯ ಮಗಳನ್ನು ಅಪ್ಪಿಕೊಂಡು, ನಿನ್ನನ್ನು ದೇವರ ಕೈಗೆ ಕೊಟ್ಟಿದ್ದೇನೆ, ನೀನು ಅವನೊಬ್ಬನಿಗೇ ಸೇರಿದವಳು, ಅವನನ್ನೇ ಸೇವಿಸು ಎಂಬರ್ಥದ ಮಾತು ಹೇಳಿದರು. ರಮಾಬಾಯಿ ಇದನ್ನು ತಮ್ಮ ಸಾಕ್ಷಿಯಲ್ಲಿ ಬರೆದುಕೊಂಡಿದ್ದಾರೆ. ಆ ತಂದೆ ವೈಷ್ಣವ ಭಕ್ತರು, ಕ್ರಿಸ್ತನ ಹೆಸರನ್ನು ಮಗಳಿಗೆ ಹೇಳಿಕೊಟ್ಟವರಲ್ಲ. ಆದರೂ ತಾನು ಕ್ರೈಸ್ತಳಾದ ಮೇಲೆ ಆ ಮಗಳು ತಂದೆಯ ಆ ಮಾತನ್ನೇ ತನ್ನ ಸಮರ್ಪಣೆಯ ಬೇರು ಎಂದು ಬಗೆದಳು. ಇದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಅವಳನ್ನು ಒಪ್ಪಿಸಿಕೊಟ್ಟವರು ಮಿಷನರಿಗಳಲ್ಲ, ಹಸಿದ ಒಬ್ಬ ಶಾಸ್ತ್ರಿಗಳು.

ತಂದೆ, ತಾಯಿ, ಅಕ್ಕ ಆ ಬರಗಾಲದಲ್ಲೇ ಹೋದರು. ಅಣ್ಣ 1880ರಲ್ಲಿ ಹೋದ. ಮದುವೆಯಾದ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿ ಎರಡು ವರ್ಷದೊಳಗೆ ಕಾಲರಾದಿಂದ ತೀರಿಕೊಂಡರು. ಉಳಿದದ್ದು 1881ರಲ್ಲಿ ಹುಟ್ಟಿದ ಮಗಳು ಮನೋರಮಾ. ಆ ಕೂಸನ್ನು ಕಟ್ಟಿಕೊಂಡು 1883ರಲ್ಲಿ ಇಂಗ್ಲೆಂಡಿಗೆ ಹೋದ ರಮಾಬಾಯಿ, ವಾಂಟೇಜ್ ಎಂಬ ಊರಿನ ಸಂನ್ಯಾಸಿನಿಯರ ಮಠದಲ್ಲಿದ್ದಾಗ, ಸೆಪ್ಟೆಂಬರ್ 29ರಂದು ದೀಕ್ಷಾಸ್ನಾನ ಮಾಡಿಸಿಕೊಂಡರು.

ಇಲ್ಲಿಂದ ಮುಂದಿನದನ್ನು ನಮ್ಮ ಸಭೆಗಳಲ್ಲಿ ಯಾರೂ ಹೇಳುವುದಿಲ್ಲ. ಕ್ರಿಸ್ತನಿಗೆ ತನ್ನನ್ನು ಕೊಟ್ಟುಕೊಂಡ ಆ ಇಪ್ಪತ್ತೈದರ ವಿಧವೆ ಬಿಷಪ್ಪರ ಮಾತಿಗೆ ತಲೆಬಾಗಲಿಲ್ಲ. ಗಂಡಸರಿಗೆ ಪಾಠ ಹೇಳಬಾರದು ಎಂದು ಚರ್ಚಿನ ದೊಡ್ಡವರು ತಡೆದಾಗ, ನನ್ನ ದೇಶದಲ್ಲಿ ತುಂಬಿದ ಸಭೆಯಲ್ಲಿ ಗಂಡಸರ ಮುಂದೆ ಮಾತಾಡಿ ಬಂದವಳು ನಾನು ಎಂದು ವಾದಿಸಿದರು. ಪುರೋಹಿತರ ನೊಗವನ್ನು ಈಗ ತಾನೇ ಇಳಿಸಿ ಬಂದಿದ್ದೇನೆ, ಅಂಥದೇ ಇನ್ನೊಂದಕ್ಕೆ ಕೊರಳು ಕೊಡಲಾರೆ ಎಂಬರ್ಥದಲ್ಲಿ ತಮ್ಮ ಧರ್ಮಮಾತೆ ಸಿಸ್ಟರ್ ಜೆರಾಲ್ಡೀನರಿಗೆ ಪತ್ರ ಬರೆದರು. ಸಿಸ್ಟರರಿಗೆ ಇದು ಅಹಂಕಾರವಾಗಿ ಕಂಡಿತು. ನನಗೆ ಹಾಗೆ ಕಾಣುವುದಿಲ್ಲ. ದೇವರ ಕೈಗೆ ಕೊಟ್ಟಾದ ವಸ್ತುವನ್ನು ಇನ್ನೊಬ್ಬರ ಕೈಗೆ ಇಡುವ ಹಕ್ಕು ಕೊಟ್ಟವರಿಗೂ ಇರುವುದಿಲ್ಲ. ಕಮಲಾಪುರದ ಬಾಗಿಲಲ್ಲಿ ನಿಂತು ದೊಡ್ಡವ್ವ ಹೇಳಿದ್ದು ಇದನ್ನೇ.

ಹಾಗಂತ ರಮಾಬಾಯಿಯವರಿಗೆ ಒಪ್ಪಿಸಿಕೊಡುವುದು ಸಲೀಸಾಗಿ ಬಂತು ಎಂದಲ್ಲ. ದೀಕ್ಷಾಸ್ನಾನವಾಗಿ ಎಂಟು ವರ್ಷದ ಮೇಲೆ, 1891ರಲ್ಲಿ, ತನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತನಲ್ಲ ಎಂಬ ಅರಿವು ಅವರಿಗಾಯಿತು. ಅಷ್ಟು ಹೊತ್ತಿಗೆ ಅವರು ಶಾರದಾ ಸದನ ಎಂಬ ಶಾಲೆ ತೆರೆದಿದ್ದರು, ಪುಸ್ತಕ ಬರೆದಿದ್ದರು, ಅಮೆರಿಕದ ತುಂಬ ಭಾಷಣ ಮಾಡಿ ಬಂದಿದ್ದರು. ಇಷ್ಟೆಲ್ಲ ಮಾಡಿದ ಮೇಲೆ ಮೊಣಕಾಲೂರಿ ಮೊದಲಿನಿಂದ ಶುರು ಮಾಡುವುದಕ್ಕೆ ಎಂಥ ಧೈರ್ಯ ಬೇಕು! ಆಮೇಲೆ ಬಂದ ಬರಗಾಲಗಳಲ್ಲಿ ತಾನೇ ಹೋಗಿ ಹಸಿದ ಹುಡುಗಿಯರನ್ನು ಕರೆತಂದರು. ಪುಣೆಯ ಹತ್ತಿರದ ಕೇಡಗಾಂವದಲ್ಲಿ ಕಟ್ಟಿದ ಮುಕ್ತಿ ಸದನದಲ್ಲಿ 1900ರ ಹೊತ್ತಿಗೆ ಸುಮಾರು 1,500 ಜನ ಉಣ್ಣುತ್ತಿದ್ದರು. ಪ್ಲೇಗಿನ ಕಾಲದಲ್ಲಿ ಪುಣೆಯ ಸರ್ಕಾರಿ ಪ್ಲೇಗ್ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳನ್ನು ನಡೆಸಿಕೊಂಡ ರೀತಿಯನ್ನು ಪತ್ರಿಕೆಗೆ ಬರೆದು ಸರ್ಕಾರವನ್ನು ಕೆಣಕಿದರು. ಬೆಳಗಿನ ಪ್ರಾರ್ಥನೆಯಲ್ಲಿ ನೆಲಕ್ಕೆ ಹಣೆ ಹಚ್ಚಿದವರೇ ಮಧ್ಯಾಹ್ನ ಇಂಥ ಪತ್ರ ಬರೆಯುತ್ತಿದ್ದದ್ದು.

ನಮ್ಮ ಊರಿನ ಕಥೆ ಬರುವುದು ಇಲ್ಲಿ. ಅಮೆರಿಕದಲ್ಲಿ ಓದಿ ಬಂದ ಮನೋರಮಾ ಶಾರದಾ ಸದನದ ಪ್ರಿನ್ಸಿಪಾಲರಾದರು, ತಾಯಿಯ ಬಲಗೈಯಾದರು. 1912ರಲ್ಲಿ ತಾಯಿ ಮಗಳು ಸೇರಿ ನಿಜಾಮರ ಆಳ್ವಿಕೆಯ ಗುಲ್ಬರ್ಗದಲ್ಲಿ ಒಂದು ಕ್ರಿಶ್ಚಿಯನ್ ಹೈಸ್ಕೂಲ್ ತೆರೆದರು. ಪುಣೆ, ಮುಂಬೈ ಬಿಟ್ಟು ಗುಲ್ಬರ್ಗಕ್ಕೆ! ಹೆಣ್ಣುಮಕ್ಕಳ ಓದಿನ ಮಾತೇ ಅಪರೂಪವಾಗಿದ್ದ, ಬಿಸಿಲಿಗೂ ಬರಕ್ಕೂ ಹೆಸರಾದ ಜಿಲ್ಲೆಗೆ. ಗಂಗಾಮೂಲದಲ್ಲಿ ಹುಟ್ಟಿ ಅಲೆದ ತಾಯಿ, ಕಡೆಗೊಮ್ಮೆ ಮಗಳ ಮೂಲಕ ಕನ್ನಡದ ನೆಲಕ್ಕೆ ಏನೋ ಮರಳಿಸಿದ ಹಾಗೆ ನನಗನ್ನಿಸುತ್ತದೆ.

ಮುಕ್ತಿಯನ್ನು ತನ್ನ ನಂತರ ಮನೋರಮಾ ನಡೆಸಬೇಕು ಎಂದು ರಮಾಬಾಯಿ ಗೊತ್ತುಮಾಡಿದ್ದರು. 1921ರಲ್ಲಿ ಮನೋರಮಾ ತೀರಿಕೊಂಡರು, ನಲವತ್ತರ ವಯಸ್ಸಿನಲ್ಲಿ. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಎಲ್ಲರನ್ನೂ ಕಳಕೊಂಡು ಉಳಿದಿದ್ದ ಒಂದೇ ಒಂದು ಕರುಳು ಅದು. ರಮಾಬಾಯಿ ಆಗ ಮೂಲ ಹೀಬ್ರೂ, ಗ್ರೀಕಿನಿಂದ ಬೈಬಲನ್ನು ಹಳ್ಳಿಯ ಹೆಂಗಸರಿಗೂ ತಿಳಿಯುವ ಸರಳ ಮರಾಠಿಗೆ ತರುವ ಕೆಲಸದ ಕೊನೆಯಲ್ಲಿದ್ದರು. ಅದನ್ನು ನಿಲ್ಲಿಸಲಿಲ್ಲ. ಪ್ರೂಫು ಮುಗಿಸಲು ಹತ್ತು ದಿನ ಕೊಡು ಎಂದು ದೇವರನ್ನು ಕೇಳಿಕೊಂಡರಂತೆ, ಅದು ಮುಗಿದ ಮೇಲೆಯೇ ಕಣ್ಣು ಮುಚ್ಚಿದರಂತೆ. ಮುಕ್ತಿಯವರು ಹಾಗೆ ಹೇಳುತ್ತಾ ಬಂದಿದ್ದಾರೆ. 1922ರ ಏಪ್ರಿಲ್ 5, ಮಗಳು ಹೋಗಿ ಒಂಬತ್ತು ತಿಂಗಳಿಗೆ.

ಬೇಡದ್ದಕ್ಕೆ ಬೇಡ ಎಂದು ಎದುರು ನಿಲ್ಲುವ ಅದೇ ಮನಸ್ಸು, ತಾನು ತಡೆಯಲಾರದ ನಷ್ಟದ ಮುಂದೆ ಕೈ ಬಿಚ್ಚುವುದನ್ನೂ ಕಲಿತಿತ್ತು. ಮನುಷ್ಯರು ಮಾಡುವ ಅನ್ಯಾಯ ಬೇರೆ, ಸಾವು ಬೇರೆ. ಮೊದಲನೆಯದನ್ನು ಎರಡನೆಯದರ ಸಾಲಿಗೆ ಸೇರಿಸಿ ಎಲ್ಲಕ್ಕೂ ದೇವರ ಚಿತ್ತ ಎಂಬ ಒಂದೇ ಮುದ್ರೆ ಒತ್ತುವುದು ದೇವರ ಮೇಲೆ ಹೊರಿಸುವ ಸುಳ್ಳು ಆರೋಪ ಎಂದೇ ನನ್ನ ತೀರ್ಮಾನ.

ನನ್ನ ಮಗಳು ನರ್ಸಿಂಗ್ ಮುಗಿಸಿ ಮಸ್ಕತ್ತಿಗೆ ಹೊರಟಾಗ ನಾನು ಈ ಇಬ್ಬರು ತಾಯಂದಿರನ್ನು ನೆನೆದೆ. ಕಲಬುರಗಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಅವಳ ಸೂಟ್‌ಕೇಸಿಗೆ ಹಗ್ಗ ಬಿಗಿಯುತ್ತಾ, ಇವಳು ಇಲ್ಲೇ ಇರಬೇಕಿತ್ತು ಎಂದು ದೇವರಿಗೆ ಮನಸ್ಸಿನಲ್ಲೇ ಸ್ಪಷ್ಟವಾಗಿ ಹೇಳಿದೆ. ಆಮೇಲೆ, ನಿನ್ನ ಮರ್ಜಿ, ಎಂದೆ. ಮಗಳಿಗೆ ಹೇಳಿದ್ದು ಮಾತ್ರ ಬೇರೆ: ಪಾಸ್‌ಪೋರ್ಟು ಯಾರ ಕೈಗೂ ಕೊಡಬೇಡ, ಸಂಬಳ ತಪ್ಪಿದರೆ ಸುಮ್ಮನಿರಬೇಡ, ದಿನಾ ಪ್ರಾರ್ಥನೆ ಮಾಡು. ಈ ಮೂರೂ ನನಗೆ ಒಂದೇ ಉಸಿರಿನಲ್ಲಿ ಬಂದವು.

ಬರುವ ಜನವರಿಯಲ್ಲಿ ಒಡಂಬಡಿಕೆಯ ಪ್ರಾರ್ಥನೆ ಹೇಳಿಸುವ ಪಾಸ್ಟರರಲ್ಲಿ, ಸಭೆಯ ಹಿರಿಯರಲ್ಲಿ ನನ್ನದೊಂದು ಬೇಡಿಕೆ ಇದೆ. ಸಂಡೇ ಸ್ಕೂಲಿನ ಹುಡುಗಿಯರಿಗೆ ವೆಸ್ಲಿಯ ಹೆಸರು ಗೊತ್ತು, ಇದೇ ಊರಲ್ಲಿ ಶಾಲೆ ನಡೆಸಿದ ಮನೋರಮಾಬಾಯಿಯ ಹೆಸರು ಗೊತ್ತಿಲ್ಲ. ಅವತ್ತು ಅವರ ಹೆಸರನ್ನೂ ಹೇಳಿರಿ. ಇನ್ನು, ಪೆಟ್ಟು ತಿಂದ ಹೆಣ್ಣುಮಗಳೊಬ್ಬಳು ನಿಮ್ಮ ಬಾಗಿಲಿಗೆ ಬಂದರೆ ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿರಿ, ಖಂಡಿತ ಮಾಡಿರಿ. ಆಮೆನ್ ಅಂದ ಮೇಲೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಹಚ್ಚಿ ಕೊಡಿರಿ, ಬೇಕಾದರೆ ಅವಳ ಜೊತೆ ಠಾಣೆಯವರೆಗೂ ನಡೆಯಿರಿ.